ಅರವತ್ತು ಕರಾರು, ತೊಂಬತ್ತು ಕರಾರು

2006ರ ಮೇ ತಿಂಗಳ ಒಂದು ಸರ್ಕಾರಿ ಮೌಲ್ಯಮಾಪನ ವರದಿಯಲ್ಲಿ ಎರಡು ಸಂಖ್ಯೆಗಳಿವೆ. ಆಸ್ಟ್ರೇಲಿಯಾದ ಉತ್ತರ ಕರಾವಳಿಯ ವಡೇರ್ ಎಂಬ ಮೂಲನಿವಾಸಿಗಳ ಊರಿನಲ್ಲಿ ಒಂದು ಪ್ರಯೋಗ ಶುರುವಾದಾಗ ಸರ್ಕಾರಗಳೊಂದಿಗೆ ನಿಭಾಯಿಸಬೇಕಿದ್ದ ಅನುದಾನ ಕರಾರುಗಳು ಸುಮಾರು 60 ಇದ್ದವು. ಮೂರು ವರ್ಷಗಳ ಮೇಲೆ ಅವು 90 ದಾಟಿದ್ದವು. ಹತ್ತಾರು ಇಲಾಖೆಗಳು ಒಂದೇ ಊರಿಗೆ ಹತ್ತಾರು ಬಾಗಿಲುಗಳಿಂದ ಬರುವುದನ್ನು ನಿಲ್ಲಿಸಿ, ಎಲ್ಲರೂ ಒಟ್ಟಾಗಿ ಬಂದು ಊರಿನವರ ಆಡಳಿತಕ್ಕೆ ಹೆಗಲು ಕೊಡಬೇಕು ಎಂಬುದೇ ಆ ಪ್ರಯೋಗದ ಉದ್ದೇಶವಾಗಿತ್ತು. ಕರಾರುಗಳು ಕಡಿಮೆಯಾಗಬೇಕಿತ್ತು, ಏರಿದವು.

ಆಸ್ಟ್ರೇಲಿಯಾದ ಮೂಲನಿವಾಸಿ ನೀತಿಯ ಬಗ್ಗೆ ಬರೆದ ಹಲವರು ಈ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ಆ ಕರಾರುಗಳನ್ನು ನಿಭಾಯಿಸಿದವರು ಯಾರು? ಪ್ರಯೋಗಕ್ಕೆ ಮೊದಲು ಅವರ ಆಡಳಿತ ಹೇಗಿತ್ತು? ಆಮೇಲೆ ಏನಾಯಿತು? ನಾನು ವಡೇರ್ ಕಂಡವನಲ್ಲ. ನನ್ನ ಮುಂದಿದ್ದದ್ದು ಸಾರ್ವಜನಿಕವಾಗಿ ಸಿಗುವ ವರದಿಗಳು, ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧನಾ ಪ್ರಬಂಧಗಳು, ಹಳೆಯ ಪತ್ರಿಕೆಗಳು. ಆದರೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದರೆ ಈ ಕಾಗದಗಳು ಸ್ಪಷ್ಟವಾಗಿಯೇ ಮಾತಾಡುತ್ತವೆ. ಬಹುಪಾಲು ಸರ್ಕಾರವೇ ಬರೆಸಿದ ಕಾಗದಗಳು ಸರ್ಕಾರದ ವಿರುದ್ಧ ಸಾಕ್ಷಿ ಹೇಳುತ್ತವೆ ಎಂಬುದು ನನ್ನನ್ನು ಹಿಡಿದು ಕೂರಿಸಿತು.

ವಡೇರ್ ಇರುವುದು ನಾರ್ದರ್ನ್ ಟೆರಿಟರಿ ಎಂಬ ಪ್ರಾಂತ್ಯದಲ್ಲಿ, ಡಾರ್ವಿನ್ ನಗರದಿಂದ ನೈರುತ್ಯಕ್ಕೆ, ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್ ದೂರದಲ್ಲಿ. ಮಳೆಗಾಲದಲ್ಲಿ ಆ ರಸ್ತೆ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಸಾಮಾನು ಬರುವುದು ದೋಣಿಯಲ್ಲಿ, ಜನ ಓಡಾಡುವುದು ಸಣ್ಣ ವಿಮಾನದಲ್ಲಿ. ಹಳೆಯ ದಾಖಲೆಗಳಲ್ಲಿ ಊರಿನ ಹೆಸರು ಪೋರ್ಟ್ ಕೀಟ್ಸ್. 1935ರಲ್ಲಿ ಕ್ಯಾಥೊಲಿಕ್ ಪಾದ್ರಿ ರಿಚರ್ಡ್ ಡೋಕರ್ಟಿ ಇಲ್ಲಿ ಮಿಷನ್ ಸ್ಥಾಪಿಸಿದರು. ಮಾನವಶಾಸ್ತ್ರಜ್ಞ ಸ್ಟ್ಯಾನರ್ ಈ ಸೀಮೆಗೆ ಬಂದು ಕೆಲಸ ಮಾಡಿದ್ದೂ ಅದೇ ವರ್ಷ. ಕೆಲವು ವರ್ಷಗಳಲ್ಲೇ ಮಿಷನ್ ಈಗಿನ ಜಾಗಕ್ಕೆ ಬಂತು. ಸುತ್ತಲಿನ ನಾಡಿನಲ್ಲಿ ಚದುರಿದ್ದ ಹಲವು ಕುಲಗಳು, ಬೇರೆ ಬೇರೆ ಭಾಷೆಯವರು, ಒಂದೇ ಕಡೆ ನೆಲೆಯೂರಿದರು. ಕಾಲಕ್ರಮೇಣ ಮುರಿನ್‌ಪತ ಎಲ್ಲರ ನಡುವಿನ ಭಾಷೆಯಾಯಿತು.

ಆದರೆ ಆ ನೆಲ ಎಲ್ಲರದ್ದೂ ಆಗಿರಲಿಲ್ಲ. ಅದು ಕಾರ್ದು ದಿಮಿನಿನ್ ಕುಲದ ನೆಲ. ಮಿಷನ್ನಿಗೆ ಬಂದ ಉಳಿದ ಕುಲಗಳಿಗೆ ತಮ್ಮ ತಮ್ಮ ನೆಲ ಬೇರೆ ಕಡೆ ಇತ್ತು. ಇಲ್ಲಿನ ಕಟ್ಟಳೆಯಲ್ಲಿ ಯಾವ ನೆಲದ ಬಗ್ಗೆ ಯಾರು ಮಾತಾಡಬಹುದು ಎಂಬುದು ಹುಟ್ಟಿನಿಂದಲೇ ಗೊತ್ತಾದ ವಿಷಯ. ಇನ್ನೊಬ್ಬರ ನೆಲದಲ್ಲಿ ಅರ್ಧ ಶತಮಾನ ಬಾಳಿದರೂ ಆ ನೆಲದ ಪರವಾಗಿ ತೀರ್ಮಾನ ಕೊಡುವ ಹಕ್ಕು ಬರುವುದಿಲ್ಲ. ಇಂಥ ಊರಿಗೆ ತಲೆಗೊಂದು ಮತದ ಪರಿಷತ್ತು ಬಂತು. ಕಾರ್ದು ನುಮಿದ ಎಂಬ ಹೆಸರಿನ ಆ ಪರಿಷತ್ತು ಕಾಗದದ ಮೇಲೆ ಸರಿಯಾದ ಪ್ರಜಾಪ್ರಭುತ್ವವೇ. ಆದರೆ ಅದರಲ್ಲಿ ನೆಲದ ಒಡೆಯರು ಅಲ್ಪಸಂಖ್ಯಾತರಾಗಬಹುದಿತ್ತು. ಸಂಖ್ಯೆಯಲ್ಲಿ ಹೆಚ್ಚಿದ್ದವರಿಗೆ ಮಾತಾಡುವ ಅಧಿಕಾರವೇ ಇಲ್ಲದಿರಬಹುದಿತ್ತು. ಆ ಪರಿಷತ್ತು ಎಡವಿತು. ಈ ಸೀಮೆಯ ಮುಂದಾಳುತನದ ಬಗ್ಗೆ ಡಾಕ್ಟರೇಟ್ ಪ್ರಬಂಧ ಬರೆದ ಬಿಲ್ ಐವರಿ ಈ ಇತಿಹಾಸವನ್ನು ಮಿಷನ್ ಕಾಲಕ್ಕೂ ಹಿಂದಿನಿಂದ ಹಿಡಿದು ವಿವರಿಸುತ್ತಾರೆ. ಊರಿನ ಆಡಳಿತ ಸೋತಿತು ಎನ್ನುವ ಸರ್ಕಾರಿ ಟಿಪ್ಪಣಿಗಳನ್ನು ಅದರ ಜೊತೆಗಿಟ್ಟು ಓದಿದಾಗ, ಸೋತದ್ದು ಊರಲ್ಲ, ಹೊರಗಿನಿಂದ ತಂದ ಅಳತೆ ಎಂದು ನನಗೆ ಖಾತ್ರಿಯಾಯಿತು.

ಆಗ ಹಿರಿಯರು ಹಿಡಿದ ದಾರಿ ನನಗೆ ಈ ಇಡೀ ಕಥನದ ಅತ್ಯಂತ ಘನವಾದ ಭಾಗ. ಅವರು ಪರಿಷತ್ತನ್ನು ಬೇಡವೆನ್ನಲಿಲ್ಲ. ಕುಲಗಳು ಸೇರಿ ದೊಡ್ಡ ವಿಷಯಗಳನ್ನು ತೀರ್ಮಾನಿಸುತ್ತಿದ್ದ ತಮ್ಮದೇ ಹಳೆಯ ಕೂಟವಾದ ತಮರೂರ್ ಅನ್ನು ಎತ್ತಿಕೊಂಡು, ಅದನ್ನೇ ಕಾನೂನಿನ ಸ್ಥಳೀಯ ಸರ್ಕಾರವನ್ನಾಗಿ ಮಾಡಿಕೊಳ್ಳಲು ವರ್ಷಗಟ್ಟಲೆ ಮಾತುಕತೆ ನಡೆಸಿದರು. 2003ರ ಮಾರ್ಚ್‌ನಲ್ಲಿ ತಮರೂರ್ ಪ್ರಾದೇಶಿಕ ಪರಿಷತ್ತು ನಾರ್ದರ್ನ್ ಟೆರಿಟರಿಯ ಸ್ಥಳೀಯ ಸರ್ಕಾರ ಕಾಯ್ದೆಯಡಿ ಅಸ್ತಿತ್ವಕ್ಕೆ ಬಂತು. ಇಪ್ಪತ್ತು ಕುಲ, ಕುಲಕ್ಕೆ ಇಬ್ಬರಂತೆ ಪ್ರತಿನಿಧಿಗಳು. ಕುಲ ದೊಡ್ಡದೋ ಚಿಕ್ಕದೋ, ಸ್ಥಾನ ಸಮಾನ. ತಮ್ಮ ಕಟ್ಟಳೆಗೆ ಒಗ್ಗುವ, ಸರ್ಕಾರದ ಕಾನೂನಿಗೂ ಒಪ್ಪುವ ಒಂದು ಆಡಳಿತವನ್ನು ಊರಿನವರೇ ಕಟ್ಟಿ ಕೊಟ್ಟರು.

ಅದೇ ಹೊತ್ತಿಗೆ ಕ್ಯಾನ್‌ಬೆರಾದಲ್ಲಿ ಬೇರೊಂದು ಆಲೋಚನೆ ರೂಪುಗೊಂಡಿತ್ತು. ಪ್ರಧಾನಿ ಮತ್ತು ರಾಜ್ಯ ಮುಖ್ಯಸ್ಥರ ಕೂಟವಾಗಿದ್ದ ಕೋಯಾಗ್, ಅಂದರೆ ಆಸ್ಟ್ರೇಲಿಯಾ ಸರ್ಕಾರಗಳ ಪರಿಷತ್ತು, 2002ರ ಏಪ್ರಿಲ್‌ನಲ್ಲಿ ಹತ್ತು ಕಡೆಯವರೆಗೆ ಹೊಸ ಪ್ರಯೋಗ ಮಾಡಲು ಒಪ್ಪಿತು. ಕೊನೆಗೆ ಗೊತ್ತಾದದ್ದು ಎಂಟು ಜಾಗ. ಪ್ರತಿಯೊಂದು ಜಾಗಕ್ಕೂ ಕೇಂದ್ರದ ಒಂದು ಇಲಾಖೆ ಮುಂದಾಳು, ಅದರ ಕಾರ್ಯದರ್ಶಿಯೇ ಖುದ್ದಾಗಿ ಹೊಣೆಗಾರ. ವಡೇರ್ ಬಿದ್ದದ್ದು ಕುಟುಂಬ ಮತ್ತು ಸಮುದಾಯ ಸೇವೆಗಳ ಇಲಾಖೆಯ ಪಾಲಿಗೆ. ಕೇಂದ್ರ ಸರ್ಕಾರ, ಟೆರಿಟರಿ ಸರ್ಕಾರ, ತಮರೂರ್ ಪರಿಷತ್ತು ಮೂವರೂ 2003ರಲ್ಲಿ ಹೊಣೆಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ಊರಿನವರು ಮುಂದಿಟ್ಟ ಆದ್ಯತೆಗಳು ಮೂರು: ಹೆಂಗಸರು ಮತ್ತು ಕುಟುಂಬ, ಯುವಕರು, ಮನೆ ಕಟ್ಟುವ ಕೆಲಸ.

ಮೂವರು ಸಹಿ ಮಾಡಿದ ಕಾಗದದಲ್ಲಿ ಮೂವರಿಗೂ ಕೆಲಸವಿರುತ್ತದೆ. ಯಾರು ಯಾರು ತಮ್ಮ ಪಾಲು ಮಾಡಿದರು ಎಂದು ನೋಡುತ್ತಾ ಹೋದರೆ ಮೊದಲು ಸಿಗುವುದು ಜಾನ್ ಟೇಲರ್ ಅವರ ಪುಸ್ತಕ. ಅವರು ನ್ಯಾಷನಲ್ ಯೂನಿವರ್ಸಿಟಿಯ ಜನಸಂಖ್ಯಾಶಾಸ್ತ್ರಜ್ಞ. 2004ರಲ್ಲಿ ತಮರೂರ್ ಸೀಮೆಯ ಸಾಮಾಜಿಕ ಸೂಚ್ಯಂಕಗಳ ಬಗ್ಗೆ ಅವರ ಅಧ್ಯಯನ ಪ್ರಕಟವಾಯಿತು. ಅದರ ಬುನಾದಿಯೇ ಊರಿನವರು ಮಾಡಿದ ಎಣಿಕೆ. ಪರಿಷತ್ತು ತನ್ನದೇ ಜನಗಣತಿ ನಡೆಸಿತು. ಯಾರು ಯಾವ ಮನೆಯಲ್ಲಿದ್ದಾರೆ, ಯಾವ ಕುಲದವರು ಎಂಬುದು ಸ್ಥಳೀಯರಿಗೆ ಗೊತ್ತಿತ್ತು. ಜನ ಮನೆಯಿಂದ ಮನೆಗೆ, ವಡೇರ್‌ನಿಂದ ಹೊರಗಿನ ಸಣ್ಣ ನೆಲೆಗಳಿಗೆ ಓಡಾಡುತ್ತಲೇ ಇರುವ ಸೀಮೆಯಲ್ಲಿ ಹೊರಗಿನ ಗಣತಿದಾರರ ಕಣ್ಣಿಗೆ ಬೀಳದೆ ಹೋಗುವವರು ಬಹಳ. ಊರಿನ ಲೆಕ್ಕದಲ್ಲಿ ಜನ ಎರಡು ಸಾವಿರ ದಾಟಿದರು, ರಾಷ್ಟ್ರೀಯ ಗಣತಿಯ ಎಣಿಕೆಗಿಂತ ಹೆಚ್ಚು. ಅರ್ಧಕ್ಕೆ ಹತ್ತಿರ ಮಂದಿ ಮಕ್ಕಳು. ಒಂದು ಮನೆಯಲ್ಲಿ ಸರಾಸರಿ ಹದಿನಾರು ಮಂದಿಗೂ ಹೆಚ್ಚು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆ ದುಪ್ಪಟ್ಟಿನತ್ತ ಸಾಗುವ ಅಂದಾಜು.

ಒಂದು ಸ್ಥಳೀಯ ಸರ್ಕಾರ ಮಾಡಬೇಕಾದ ಮೊದಲ ಕೆಲಸ ತನ್ನ ಜನರನ್ನು ಅರಿಯುವುದು. ತಮರೂರ್ ಅದನ್ನು ಮೊದಲ ವರ್ಷದಲ್ಲೇ ಮಾಡಿತು. ಎಷ್ಟು ಮನೆ ಬೇಕು, ಎಷ್ಟು ಶಾಲಾ ಕೊಠಡಿ ಬೇಕು, ಎಷ್ಟು ಉದ್ಯೋಗ ಬೇಕು ಎಂಬುದು ಟೇಲರ್ ಅವರ ಕೋಷ್ಟಕಗಳಲ್ಲಿ ತೆರೆದು ಬಿತ್ತು. ಇನ್ನು ಮುಂದೆ ತಿಳಿಯದೆ ತಪ್ಪಿತು ಎಂದು ಯಾರೂ ಹೇಳುವ ಹಾಗಿರಲಿಲ್ಲ.

2005ರಲ್ಲಿ ಟೇಲರ್ ಮತ್ತು ಅರ್ಥಶಾಸ್ತ್ರಜ್ಞ ಓವೆನ್ ಸ್ಟ್ಯಾನ್ಲಿ ಅದೇ ಜನರ ಮೇಲೆ ಸರ್ಕಾರಗಳು ಎಷ್ಟು ಖರ್ಚು ಮಾಡುತ್ತಿವೆ ಎಂದು ಲೆಕ್ಕ ತೆಗೆದರು. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಪ್ರಬಂಧದ ಜೊತೆ. ಮೂಲನಿವಾಸಿಗಳ ಮೇಲೆ ಹಣ ಸುರಿಯಲಾಗುತ್ತಿದೆ ಎಂಬ ನಂಬಿಕೆ ಆಸ್ಟ್ರೇಲಿಯಾದ ಪೇಟೆಗಳಲ್ಲಿ ಗಟ್ಟಿಯಾಗಿದೆ. ಲೆಕ್ಕ ಹೇಳಿದ್ದು ಬೇರೆ. ಟೆರಿಟರಿಯ ಒಬ್ಬ ಸರಾಸರಿ ಮಗುವಿನ ಶಿಕ್ಷಣಕ್ಕೆ ಒಂದು ಡಾಲರ್ ಖರ್ಚಾದರೆ ತಮರೂರ್ ಸೀಮೆಯ ಮಗುವಿಗೆ ಖರ್ಚಾಗುತ್ತಿದ್ದದ್ದು 47 ಸೆಂಟ್. ಅದೇ ಸೀಮೆಯಲ್ಲಿ ಅಪರಾಧ ಮತ್ತು ಶಿಕ್ಷೆಯ ವ್ಯವಸ್ಥೆಗೆ, ನಿರುದ್ಯೋಗ ಭತ್ಯೆಗೆ ತಲೆವಾರು ಖರ್ಚು ಹೆಚ್ಚು. ಮಗುವನ್ನು ಬೆಳೆಸುವ ಕಡೆ ಉಳಿಸಿದ ಹಣ, ಆ ಮಗು ದೊಡ್ಡದಾಗಿ ಕೆಲಸವಿಲ್ಲದೆ, ಕೋರ್ಟು ಜೈಲು ಅಲೆಯುವಾಗ ಖರ್ಚಾಗುತ್ತಿತ್ತು.

ಆ 47 ಸೆಂಟಿನ ಹಿಂದೆ ಯಾವ ಅಧಿಕಾರಿಯ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಶಿಕ್ಷಕರ ಸಂಖ್ಯೆ ಮತ್ತು ಅನುದಾನ ನಿಗದಿಯಾಗುತ್ತಿದ್ದದ್ದು ಹಾಜರಾತಿಯ ಮೇಲೆ, ಊರಿನಲ್ಲಿರುವ ಮಕ್ಕಳ ಸಂಖ್ಯೆಯ ಮೇಲೆ ಅಲ್ಲ. ಹಾಜರಾತಿ ಕಡಿಮೆ ಇದ್ದರೆ ಶಿಕ್ಷಕರು ಕಡಿಮೆ. ಶಿಕ್ಷಕರು ಕಡಿಮೆ ಇದ್ದರೆ ಬಂದ ಮಕ್ಕಳೂ ನಿಲ್ಲುವುದಿಲ್ಲ, ಮರುವರ್ಷ ಅನುದಾನ ಇನ್ನೂ ಇಳಿಯುತ್ತದೆ. ಹಿರಿಯರು ಮನೆ ಮನೆಗೆ ಹೇಳಿ ಮಕ್ಕಳನ್ನು ಶಾಲೆಗೆ ಕಳಿಸಿದರೆ ಕೂರಲು ಜಾಗ ಸಾಲದು. ಅದಕ್ಕೂ ಹಿಂದಿನ ಇನ್ನೊಂದು ಕಾಗದವಿದೆ: ಮಿಷನ್ ಶಾಲೆಗಳ ಅನುದಾನದ ಬಗ್ಗೆ 1979ರಲ್ಲಿ ಸರ್ಕಾರಗಳಿಗೂ ಚರ್ಚಿಗೂ ಆದ ಒಪ್ಪಂದ. ವಡೇರ್‌ನ ಏಕೈಕ ಶಾಲೆ ಚರ್ಚಿನದು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವಷ್ಟು ತಮ್ಮ ಮಕ್ಕಳಿಗೆ ಸಿಗಲಿಲ್ಲ ಎಂಬುದು ಊರಿನವರ ದೂರು. 2007ರಲ್ಲಿ ಅವರು ಜನಾಂಗೀಯ ತಾರತಮ್ಯ ಕಾಯ್ದೆಯಡಿ ಮಾನವ ಹಕ್ಕು ಆಯೋಗದ ಮೆಟ್ಟಿಲೇರಿದರು. ವರ್ಷಗಳ ನಂತರ ಅದು ರಾಜಿಯಲ್ಲಿ ಮುಗಿಯಿತು. ಒಂದು ಸಂಶೋಧನಾ ಪ್ರಬಂಧದ ಕೋಷ್ಟಕ ಊರಿನವರ ಕೈಯಲ್ಲಿ ಕಾನೂನಿನ ಅಸ್ತ್ರವಾದದ್ದನ್ನು ಕಂಡು, ಇಂಥ ಕೆಲಸಕ್ಕೆ ಇಷ್ಟು ಬೆಲೆಯಿದೆ ಎಂದು ಸಂತೋಷಪಟ್ಟೆ.

ಇದೇ ಕಾಲದ ಪತ್ರಿಕೆಗಳನ್ನು ತೆರೆದರೆ ಊರಿನ ಚಿತ್ರವೇ ಬೇರೆ. 2006ರ ಮೊದಲ ತಿಂಗಳುಗಳಲ್ಲಿ ವಡೇರ್ ದೇಶದ ಮುಖಪುಟಕ್ಕೆ ಬಂತು. ಯುವಕರ ಗುಂಪುಗಳ ಹೊಡೆದಾಟ, ಒಡೆದ ಮನೆಗಳು, ಹೆದರಿ ಡಾರ್ವಿನ್‌ಗೆ ಓಡಿದ ಕುಟುಂಬಗಳು. ಗುಂಪುಗಳು ಹೆವಿ ಮೆಟಲ್ ಬ್ಯಾಂಡುಗಳ ಹೆಸರಿಟ್ಟುಕೊಂಡಿದ್ದವು ಎಂಬ ವಿವರವನ್ನು ಯಾವ ವರದಿಗಾರರೂ ಬಿಡಲಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಸಚಿವ ಮ್ಯಾಲ್ ಬ್ರಫ್ ಊರಿಗೆ ಬಂದರು. ಹದಿನಾರು ಮಂದಿ ಒಂದು ಮನೆಯಲ್ಲಿ ಮಲಗುವ ಊರಿನ ಹುಡುಗರು ರಾತ್ರಿ ಬೀದಿಯಲ್ಲಿ ಯಾಕೆ ಇರುತ್ತಾರೆ ಎಂದು ಟೇಲರ್ ಅವರ ಕೋಷ್ಟಕ ಓದಿದವರಿಗೆ ವಿವರಿಸಬೇಕಿಲ್ಲ. ಪತ್ರಿಕೆಗಳು ಆ ಕೋಷ್ಟಕವನ್ನು ಅಷ್ಟಾಗಿ ಓದಲಿಲ್ಲ.

ಆ ಮೇ ತಿಂಗಳಲ್ಲೇ, ಹಿಂದೆ ದೇಶದ ಚುನಾವಣಾ ಆಯುಕ್ತರಾಗಿದ್ದ ಬಿಲ್ ಗ್ರೇ ವಡೇರ್ ಪ್ರಯೋಗದ ಮೌಲ್ಯಮಾಪನ ವರದಿ ಕೊಟ್ಟರು. ನಾನು ಮೊದಲು ಹೇಳಿದ 60 ಮತ್ತು 90 ಇರುವುದು ಅದರಲ್ಲೇ. ಅದರ ಜೊತೆ ಇನ್ನೊಂದು ಲೆಕ್ಕವೂ ಇದೆ. ಪ್ರಯೋಗದ ಅವಧಿಯಲ್ಲಿ ಕಟ್ಟಿದ ಹೊಸ ಮನೆಗಳು ನಾಲ್ಕು. ವಾಸಕ್ಕೆ ಯೋಗ್ಯವಲ್ಲದಂತಾದ ಮನೆಗಳು ಹದಿನೈದು. ಹುಟ್ಟಿದ ಮಕ್ಕಳು ಸುಮಾರು 200. ಮನೆ ಕಟ್ಟುವುದು ಒಪ್ಪಂದದ ಮೂರು ಆದ್ಯತೆಗಳಲ್ಲಿ ಒಂದಾಗಿತ್ತು ಎಂಬುದನ್ನು ನೆನೆಯಬೇಕು.

ಒಂದು ಅನುದಾನ ಕರಾರು ಎಂದರೆ ಏನು ಎಂದು ನಮ್ಮ ಪಂಚಾಯಿತಿ ಕಚೇರಿಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ. ಅರ್ಜಿ, ಮಂಜೂರಾತಿ, ಬೇರೆ ಲೆಕ್ಕಪುಸ್ತಕ, ಕಂತು ಬಿಡುಗಡೆಗೆ ಪ್ರಗತಿ ವರದಿ, ಹಣ ಬಳಕೆಯ ಪ್ರಮಾಣಪತ್ರ, ಉಳಿದ ಹಣ ವಾಪಸಾತಿ, ಮರುವರ್ಷ ಮತ್ತೆ ಅರ್ಜಿ. ಇಂಥ 90ಕ್ಕೂ ಹೆಚ್ಚು ಕರಾರುಗಳು ಎರಡು ಸಾವಿರ ಜನರ, ಮಳೆಗಾಲದಲ್ಲಿ ದಾರಿ ಇಲ್ಲದ ಒಂದು ಊರಿನ ಮೇಲೆ. ಓದು ಬರಹ ಬಲ್ಲ, ಲೆಕ್ಕ ಬಲ್ಲ ಸಿಬ್ಬಂದಿ ಸಿಗುವುದೇ ಕಷ್ಟವಿರುವ ಕಡೆ, ಇದ್ದವರ ಹೊತ್ತೆಲ್ಲ ಸರ್ಕಾರಕ್ಕೆ ಉತ್ತರ ಬರೆಯುವುದರಲ್ಲೇ ಹೋಗುತ್ತದೆ. ಕುಲಗಳ ಪ್ರತಿನಿಧಿಗಳು ಕೂತು ಮಾತಾಡಬೇಕಾದ ವಿಷಯಗಳು ಹಿಂದೆ ಬೀಳುತ್ತವೆ. ತಮ್ಮ ಜನಕ್ಕೆ ಉತ್ತರ ಕೊಡಬೇಕಾದ ಪರಿಷತ್ತು ಇಲಾಖೆಗಳಿಗೆ ಉತ್ತರ ಕೊಡುವ ಕಚೇರಿಯಾಗುತ್ತದೆ.

ಕರಾರುಗಳು ಏಕೆ ಏರಿದವು? ಸಹಿಯಾದದ್ದು ಒಂದೇ ಒಪ್ಪಂದಕ್ಕಾದರೂ ಹಣ ಇದ್ದದ್ದು ಹಳೆಯ ಜಾಗದಲ್ಲೇ. ಸಂಸತ್ತು ಹಣ ಕೊಡುವುದು ಇಲಾಖೆಗೆ, ಇಲಾಖೆ ಕೊಡುವುದು ಕಾರ್ಯಕ್ರಮಕ್ಕೆ, ಪ್ರತಿ ಕಾರ್ಯಕ್ರಮಕ್ಕೂ ತನ್ನದೇ ನಿಯಮ, ತನ್ನದೇ ವರದಿಯ ನಮೂನೆ. ಒಂದು ಇಲಾಖೆಯ ಕಾರ್ಯದರ್ಶಿಯನ್ನು ಮುಂದಾಳು ಎಂದು ಕರೆದ ಮಾತ್ರಕ್ಕೆ ಇನ್ನೊಂದು ಇಲಾಖೆಯ ಹಣದ ಮೇಲೆ ಅವರ ಮಾತು ನಡೆಯುವುದಿಲ್ಲ. ಪ್ರಯೋಗದ ಜಾಗ ಎಂದು ಹೆಸರಾದ ಮೇಲೆ ಹೊಸ ಕಾರ್ಯಕ್ರಮಗಳು ವಡೇರ್‌ಗೆ ಬಂದವು, ಬಂದದ್ದೆಲ್ಲ ಹೊಸ ಕರಾರಿನೊಂದಿಗೆ ಬಂತು. ಒಟ್ಟುಗೂಡುವ ಕೆಲಸ ನಡೆದದ್ದು ಸಭೆಗಳಲ್ಲಿ, ಖಜಾನೆಯಲ್ಲಲ್ಲ. ಊರಿನವರಿಗೆ ತಮ್ಮ ಆಡಳಿತವನ್ನು ಬದಲಿಸಿಕೊಳ್ಳಿ ಎಂದು ಕೇಳಿದ್ದಾಯಿತು, ಅವರು ಬದಲಿಸಿಕೊಂಡರು. ಕೇಳಿದವರು ತಮ್ಮ ನಮೂನೆಗಳನ್ನು ಬದಲಿಸಿಕೊಳ್ಳಲಿಲ್ಲ.

ಎಂಟೂ ಕಡೆ ಹೀಗಾಯಿತೆಂದು ಹೇಳಲಾಗದು. ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದಲ್ಲಿ, ಬರ್ಕ್, ವಾಲ್ಗೆಟ್, ವಿಲ್ಕ್ಯಾನಿಯಾ ಮೊದಲಾದ ಊರುಗಳ ಸೀಮೆಯಾದ ಮುರ್ಡಿ ಪಾಕಿಯ ವರದಿ ಹೆಚ್ಚು ಆಶಾದಾಯಕ. ಅಲ್ಲಿ ಹದಿನಾರು ಊರುಗಳ ಮೂಲನಿವಾಸಿ ಕಾರ್ಯತಂಡಗಳು ಪ್ರಯೋಗಕ್ಕೂ ಮೊದಲೇ ಬೇರೂರಿದ್ದವು. ಅವುಗಳ ಮೇಲೆ ಒಂದು ಪ್ರಾದೇಶಿಕ ಸಭೆ ನಿಂತಿತು. 1990ರಲ್ಲಿ ಶುರುವಾಗಿದ್ದ, ಅಟ್ಸಿಕ್ ಎಂದು ಕರೆಯುತ್ತಿದ್ದ ಚುನಾಯಿತ ಮೂಲನಿವಾಸಿ ಆಯೋಗವನ್ನು 2005ರಲ್ಲಿ ಸರ್ಕಾರ ರದ್ದು ಮಾಡಿದಾಗ ಅದರ ಪ್ರಾದೇಶಿಕ ಪರಿಷತ್ತುಗಳೂ ಹೋದವು. ಮುರ್ಡಿ ಪಾಕಿ ಸಭೆ ಉಳಿಯಿತು, ಯಾಕೆಂದರೆ ಅದನ್ನು ಹುಟ್ಟಿಸಿದ್ದು ಸರ್ಕಾರದ ಕಾಯ್ದೆಯಲ್ಲ. 2015ರಲ್ಲಿ ಅದೇ ಸಭೆ ನ್ಯೂ ಸೌತ್ ವೇಲ್ಸ್ ಸರ್ಕಾರದೊಂದಿಗೆ ಸ್ಥಳೀಯ ತೀರ್ಮಾನದ ಬಗ್ಗೆ ಒಡಂಬಡಿಕೆಗೆ ಸಹಿ ಹಾಕಿತು.

ತಮರೂರ್‌ಗೆ ಆ ರಕ್ಷಣೆ ಇರಲಿಲ್ಲ. 2007ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೆರಿಟರಿಯ ಮೂಲನಿವಾಸಿ ಊರುಗಳಲ್ಲಿ ತುರ್ತು ಕ್ರಮ ಘೋಷಿಸಿತು. ಊರುಗಳಿಗೆ ಸರ್ಕಾರದ ವ್ಯವಸ್ಥಾಪಕರು ಬಂದರು. ಮರುವರ್ಷ, 2008ರ ಜುಲೈ 1ರಂದು, ಟೆರಿಟರಿ ಸರ್ಕಾರ ಸಣ್ಣ ಪರಿಷತ್ತುಗಳನ್ನೆಲ್ಲ ಸೇರಿಸಿ ದೊಡ್ಡ ಶೈರ್‌ಗಳನ್ನು ಮಾಡಿತು. ತಮರೂರ್ ಪ್ರಾದೇಶಿಕ ಪರಿಷತ್ತು ವಿಕ್ಟೋರಿಯಾ ಡೇಲಿ ಶೈರ್‌ನಲ್ಲಿ ಕರಗಿತು. ಅದರ ಕೇಂದ್ರ ಕಚೇರಿ ಬೇರೆಯೇ ಸೀಮೆಯ ಕ್ಯಾಥರಿನ್ ಪೇಟೆಯಲ್ಲಿ, ವಿಸ್ತೀರ್ಣ ಕರ್ನಾಟಕದ ಮುಕ್ಕಾಲು ಭಾಗಕ್ಕೂ ಮಿಗಿಲು. ಇಪ್ಪತ್ತು ಕುಲಗಳು ಐದು ವರ್ಷ ಸಮಸಮವಾಗಿ ಕೂತಿದ್ದ ಜಾಗಕ್ಕೆ ಮತ್ತೆ ವಾರ್ಡು, ಮತ್ತೆ ತಲೆಗೊಂದು ಮತ. ಟೆರಿಟರಿಯ ಕಾಯ್ದೆಯಡಿ ನೋಂದಾದದ್ದನ್ನು ಟೆರಿಟರಿಯ ಇನ್ನೊಂದು ಕಾಯ್ದೆ ಅಳಿಸಿತು. ಹಿರಿಯರು ತಮ್ಮ ಕೂಟವನ್ನು ಆ ಕಾಯ್ದೆಯೊಳಗೆ ತಂದದ್ದು ಸರ್ಕಾರದ ಮೇಲಿನ ನಂಬಿಕೆಯಿಂದ. ಅದನ್ನು ಓದುವಾಗ ನನಗೆ ಬಂದದ್ದು ಸಿಟ್ಟು, ಈಗಲೂ ಇಳಿದಿಲ್ಲ.

ಆರು ವರ್ಷಗಳ ಮೇಲೆ, 2014ರ ಜುಲೈನಲ್ಲಿ, ಆ ಶೈರ್ ಒಡೆದು ಪಶ್ಚಿಮ ಡೇಲಿ ಪರಿಷತ್ತು ಬೇರೆಯಾಯಿತು, ಕಚೇರಿ ವಡೇರ್‌ಗೆ ಬಂತು. ಅಷ್ಟರಲ್ಲಿ ಇನ್ನೊಂದು ಸುತ್ತು ಮುಗಿದಿತ್ತು. 2009ರಿಂದ 2014ರವರೆಗೆ 29 ದೂರದ ಊರುಗಳಲ್ಲಿ ಸೇವೆಗಳನ್ನು ಒಟ್ಟುಗೂಡಿಸಲು 291.2 ಮಿಲಿಯನ್ ಡಾಲರಿನ ರಾಷ್ಟ್ರೀಯ ಒಪ್ಪಂದ ನಡೆಯಿತು. ವಡೇರ್ ಅದರಲ್ಲೂ ಇತ್ತು. ಈ ಬಾರಿ ಇಲಾಖೆಗಳನ್ನು ಎಚ್ಚರಿಸಲು ಕಾನೂನಿನ ಬಲವಿದ್ದ ಒಬ್ಬ ಮಹಾ ಸಮನ್ವಯಾಧಿಕಾರಿಯನ್ನೇ ನೇಮಿಸಿದರು. ಪ್ರತಿ ಊರಿಗೂ ಅನುಷ್ಠಾನ ಯೋಜನೆ, ಅದರಲ್ಲಿ ಕ್ರಮಗಳ ಉದ್ದನೆಯ ಪಟ್ಟಿ. ಆ ಪಟ್ಟಿಗಳನ್ನು ಓದಿದೆ. ಬಹಳಷ್ಟು ಸಾಲುಗಳು ಟೇಲರ್ 2004ರಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದ ಅಗತ್ಯಗಳೇ.

2020ರ ಜುಲೈನಲ್ಲಿ ಮೂಲನಿವಾಸಿ ಸಂಸ್ಥೆಗಳ ಒಕ್ಕೂಟ, ಪ್ಯಾಟ್ ಟರ್ನರ್ ಅವರ ಮುಂದಾಳುತನದಲ್ಲಿ, ದೇಶದ ಎಲ್ಲ ಸರ್ಕಾರಗಳೊಂದಿಗೆ ಹೊಸ ರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿತು. ಅದರ ನಾಲ್ಕು ಮುಖ್ಯ ಸುಧಾರಣೆಗಳಲ್ಲಿ ಮೂರನೆಯದು ಸರ್ಕಾರಿ ಇಲಾಖೆಗಳೇ ತಮ್ಮನ್ನು ಬದಲಿಸಿಕೊಳ್ಳಬೇಕು ಎಂಬುದು; ವಡೇರ್ ಪ್ರಯೋಗದಲ್ಲಿ ಬರೆಯದೇ ಉಳಿದಿದ್ದ ಷರತ್ತು. ನಾಲ್ಕನೆಯದು ಊರಿನ ಅಂಕಿಅಂಶ ಊರಿನವರ ಕೈಗೆ ಸಿಗಬೇಕು ಎಂಬುದು. 2024ರ ಫೆಬ್ರುವರಿಯಲ್ಲಿ ಉತ್ಪಾದಕತಾ ಆಯೋಗ ತನ್ನ ಪರಿಶೀಲನಾ ವರದಿ ಹೊರಡಿಸಿ, ಸರ್ಕಾರಗಳು ಕೊಟ್ಟ ಮಾತನ್ನು ಬಹುಪಾಲು ನಡೆಸಿಲ್ಲ ಎಂದು ಹೇಳಿತು. ಅಂಕಿಅಂಶದ ಮಾತೂ ಅದರಲ್ಲಿ ಸೇರಿತ್ತು. ತಮ್ಮ ಕುಲಗಳನ್ನು ತಾವೇ ಎಣಿಸಿ, ಆ ಎಣಿಕೆಯನ್ನು ಎರಡು ಸರ್ಕಾರಗಳ ಮುಂದಿಟ್ಟು ಮಾತುಕತೆಗೆ ಕೂರುವುದು ಹೇಗೆ ಎಂಬುದಕ್ಕೆ ತಮರೂರ್ ಪರಿಷತ್ತು 2003ರಲ್ಲೇ ಮಾದರಿ ಕೊಟ್ಟಿತ್ತು. ಟೇಲರ್ ಅವರ ಪುಸ್ತಕ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಇಂದಿಗೂ ಯಾರು ಬೇಕಾದರೂ ಉಚಿತವಾಗಿ ಓದಲು ಸಿಗುತ್ತದೆ.